ಎಂಜಿನ್ ಗಾಳಿ ಎಳೆಯುವ ದನಿಗೆ ಏನನ್ನೋಣ?

ಗೆಳೆಯರೇ,

ಉಡುಪಿಯಲ್ಲಿ ಗ್ಯಾರೇಜು ಕೆಲಸ ಕಲಿಯುವ ಹುಡುಗರಿಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಜಾಗದಲ್ಲಿ ಹತ್ತು ದಿನದಿಂದ ಪೆನ್ನು ನಿಂತಿದೆ. ನಿಮ್ಮ ನೆರವು ಬೇಕು.

ಅಕ್ಕನ ಮಗನ ಹತ್ತಿರ 1.2 ಲೀಟರಿನ ಹಳೆಯ ಪೆಟ್ರೋಲ್ ಕಾರಿದೆ. ಅದರ ಏರ್ ಫಿಲ್ಟರಿನ ಪೆಟ್ಟಿಗೆ ತೆಗೆಸಿ, ಪೆಟ್ಟಿಗೆಯಿಲ್ಲದ ಕೋನ್ ಫಿಲ್ಟರ್ ಹಾಕಿಸಿದ. ಸೈಲೆನ್ಸರ್ ಮುಟ್ಟಿಲ್ಲ. ಆದರೂ ಮಣಿಪಾಲದ ಏರಿನಲ್ಲಿ ಎರಡನೇ ಗೇರಿನಲ್ಲಿ ಜೋರಾಗಿ ಒತ್ತಿದರೆ ಬಾನೆಟ್ಟಿನ ಒಳಗಿಂದ ದಪ್ಪ ದನಿಯೊಂದು ಏಳುತ್ತದೆ. ಕಾಲು ತೆಗೆದ ಕೂಡಲೇ ಅಡಗುತ್ತದೆ. ಮನೆ ಮುಂದೆ ಬಾನೆಟ್ ಎತ್ತಿಸಿ ಫಿಲ್ಟರಿನ ಹತ್ತಿರ ಅಂಗೈ ಹಿಡಿದೆ. ಅವನು ಎಂಜಿನ್ ರೇಸ್ ಮಾಡಿದ. ಗಾಳಿ ಬೆರಳ ಸಂದಿಯಿಂದ ಒಳಕ್ಕೆ ನುಗ್ಗಿತು, ದನಿಯೂ ಅಲ್ಲೇ ಹುಟ್ಟಿತು. ಸೈಲೆನ್ಸರಿನದ್ದು ಹೊರಗೆ ಉಗುಳುವ ಸದ್ದು. ಇದು ಒಳಗೆ ಎಳೆದುಕೊಳ್ಳುವ ಸದ್ದು.

ಮೊದಲು 'ಇಂಟೇಕ್' ಅನ್ನೋ ಪದವನ್ನೇ ನೋಡೋಣ. 'ವಾಯು ಸೇವನೆ' ಅಂತ ಬರೆದು ಹೊಡೆದು ಹಾಕಿದೆ. ವಾಯು ಸೇವನೆ ಅಂದರೆ ಸಂಜೆ ಮಲ್ಪೆ ಕಡೆ ನಡೆದು ಬರುವುದು, ಅಲ್ವಾ? ಇಲ್ಲಿನ ಮೆಕ್ಯಾನಿಕ್ಕುಗಳು 'ಏರ್ ಎಳೀತದೆ' ಅನ್ನುತ್ತಾರೆ. ಅದಕ್ಕೇ 'ಗಾಳಿ ಎಳೆತ' ಅಂತ ಇಟ್ಟುಕೊಂಡೆ. ನೀರಾದರೆ ಮಾತ್ರ 'ಕುಡಿಯಿತು' ಅನ್ನುತ್ತಾರೆ: ಎಂಜಿನ್ ನೀರು ಕುಡಿಯಿತು. ನಮ್ಮ ಮಳೆಗಾಲದಲ್ಲಿ ಇದು ಸುಮ್ನೆ ಮಾತಲ್ಲ. ಫಿಲ್ಟರನ್ನು ಬಂಪರಿನ ಹತ್ತಿರ ಕೆಳಗೆ ಇಳಿಸಿದರೆ, ನಿಂತ ನೀರಲ್ಲಿ ಹೋಗುವಾಗ ನೀರು ಸಿಲಿಂಡರಿಗೇ ಹೋಗಬಹುದು. ಗಾಳಿಯನ್ನು ಅಮುಕಬಹುದು, ನೀರನ್ನು ಅಮುಕಲು ಆಗುವುದಿಲ್ಲ. ಪಿಸ್ಟನ್ನನ್ನು ತಳ್ಳುವ ಕನೆಕ್ಟಿಂಗ್ ರಾಡೇ ಬಾಗಿ ಹೋಗಬಹುದು. ಕೈಪಿಡಿಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ.

ಎರಡನೆಯದು 'ರೆಸೋನೇಟರ್'. ಕಂಪನಿಯವರು ಗಾಳಿಯ ಕೊಳವೆಗೆ, ಕೊಳವೆಯ ಕಡೆಗೆ ಮಾತ್ರ ಬಾಯಿರುವ ಒಂದು ಡಬ್ಬಿಯನ್ನು ಅಂಟಿಸಿರುತ್ತಾರೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಬರುತ್ತದಲ್ಲ, ಅದೇ ಲೆಕ್ಕ. ಡಬ್ಬಿಯ ಅಳತೆಗೆ ಹೊಂದುವ ಸ್ವರ ಕೊಳವೆಯಲ್ಲಿ ಬಂದರೆ ಡಬ್ಬಿ ಅದನ್ನು ಅಲ್ಲೇ ಅಡಗಿಸುತ್ತದೆ. 'ಅನುರಣಕ' ಅಂದರೆ ಕಲಿಯುವ ಹುಡುಗ ಸದ್ದು ಜಾಸ್ತಿ ಮಾಡುವ ಸಾಮಾನು ಅಂದುಕೊಳ್ಳುತ್ತಾನೆ. ಮಾಡುವ ಕೆಲಸ ಪೂರಾ ಉಲ್ಟಾ. 'ಸದ್ದುನುಂಗಿ' ಅನ್ನಬಹುದಾ?

ನನ್ನ ನಿಜವಾದ ಕಷ್ಟ ದನಿಯ ಹೆಸರಿನದ್ದು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಸಲ ಗಾಳಿ ಎಳೆಯುತ್ತದೆ. ಒಂದೊಂದೂ ಒಂದು ಗುಟುಕು. ನೂರು ಗುಟುಕು ಸೇರಿ ಒಂದು ದಪ್ಪ ಸ್ವರ. ಇದನ್ನು ಬರೆಯುವಾಗ 'ಗುಟುರು' ತಾನಾಗಿ ನಾಲಿಗೆಗೆ ಬಂತು. ಕಂಬಳದ ಗದ್ದೆಯ ಹತ್ತಿರ ನಿಂತವರಿಗೆ ಕೋಣದ ಗುಟುರು ಗೊತ್ತು. ದನಿ ಹೊಂದುತ್ತದೆ. ಆದರೆ ಕೋಣ ಉಸಿರು ಬಿಡುತ್ತಾ ಗುಟುರು ಹಾಕುತ್ತದೆ.

ಆಮೇಲೆ ಗಮನಿಸಿದೆ. ಅಬ್ಬರ, ಆರ್ಭಟ, ಹೂಂಕಾರ, ಬುಸುಗುಟ್ಟು, ಎಲ್ಲವೂ ಹೊರಗೆ ಬಿಡುವ ಉಸಿರಿನವು. ಯಕ್ಷಗಾನದಲ್ಲಿ ಚೌಕಿಯಿಂದ (ವೇಷ ಕಟ್ಟುವ ಜಾಗದಿಂದ) ರಂಗಕ್ಕೆ ಬರುವ ಬಣ್ಣದ ವೇಷದ ಅಬ್ಬರವೂ ಹಾಗೆಯೇ. ಒಳಗೆ ಎಳೆಯುವ ಉಸಿರಿಗೆ ನನಗೆ ಸಿಕ್ಕಿದ್ದು ಎರಡೇ. ಒಂದು ಗೊರಕೆ. ಇನ್ನೊಂದು ಗಂಜಿ ತಿಳಿಯನ್ನು 'ಸೊರ್' ಅಂತ ಎಳೆಯುವುದು. ಕೇಳಲು ಗೊರಕೆ ಬಹಳ ಹತ್ತಿರ, ಆದರೆ ಅದರ ಜೊತೆ ನಿದ್ದೆ ಬರುತ್ತದೆ. ಇಲ್ಲಿ ಎಂಜಿನ್ ಪೂರ್ತಿ ಎಚ್ಚರವಾಗಿದೆ. 'ಸೊರ್' ತೀರಾ ತೆಳು.

ಸದ್ಯಕ್ಕೆ 'ಮೊರೆತ'ಕ್ಕೆ ಬಂದು ನಿಂತಿದ್ದೇನೆ. ಮಳೆಗಾಲದ ಆಟಿ ತಿಂಗಳ ರಾತ್ರಿ ಮನೆಯೊಳಗೆ ಮಲಗಿದ್ದರೂ ಕಡಲು ಮೊರೆಯುವುದು ಕೇಳುತ್ತದೆ. ಮುಂದೆ ನುಗ್ಗುವ ಅಲೆ ಯಾವುದು, ಹಿಂದೆ ಸರಿಯುವ ಅಲೆ ಯಾವುದು ಅಂತ ಕಿವಿಗೆ ತಿಳಿಯುವುದಿಲ್ಲ. ದುಂಬಿಯೂ ಮೊರೆಯುತ್ತದೆ. ಅಂದರೆ ಈ ಪದಕ್ಕೆ ಉಸಿರಿನ ದಿಕ್ಕಿನ ಹಂಗಿಲ್ಲ. ದಿಕ್ಕು ಸೇರಿಸಬೇಕು ಅಂದರೆ 'ಎಳೆಮೊರೆತ' ಆಗದು, ಎಳೆಗರು, ಎಳೆಬಿಸಿಲಿನ ಎಳೆ ಅಂತಲೇ ಓದುತ್ತಾರೆ. 'ಒಳಮೊರೆತ' ಆಗಬಹುದಾ? ಕಾರಿನ ಒಳಗೆ ಕೇಳುವ ಮೊರೆತ ಅಂತ ಯಾರಾದರೂ ಓದಿದರೂ ತಪ್ಪಿಲ್ಲ, ಅಲ್ಲಿ ಅದು ಚೆನ್ನಾಗಿ ಕೇಳುತ್ತದೆ.

ಬಯಲುಸೀಮೆಯವರಲ್ಲಿ ವಿಶೇಷವಾಗಿ ಕೇಳುತ್ತೇನೆ. ಟ್ರ್ಯಾಕ್ಟರ್ ಭಾರ ಎಳೆಯುವಾಗ ಏರ್ ಕ್ಲೀನರಿನ ಬಾಯಲ್ಲಿ ಬರುವ ಸದ್ದಿಗೆ ನಿಮ್ಮ ಊರಿನ ಡ್ರೈವರುಗಳು ಏನನ್ನುತ್ತಾರೆ? ಎತ್ತು, ಎಮ್ಮೆ ಉಸಿರು ಒಳಗೆಳೆಯುವ ಸದ್ದಿಗೆ ಬೇರೆ ಹೆಸರಿದ್ದರೆ ಅದನ್ನೂ ಬರೆಯಿರಿ. ಆಡುಮಾತಿನ ರೂಪದಲ್ಲೇ ಇರಲಿ, ತಿದ್ದಬೇಡಿ.