ಬೀಚಲ್ಲಿ ಜನರೂ ಸೇರಿ ಆಡೋ ಥರದ್ದು ಏನಾದ್ರೂ ಮಾಡ್ಬೇಕು, ಖರ್ಚು ಕಮ್ಮಿ ಇರೋ ಐಡಿಯಾ ಕೊಡಿ

ಹಾಳೆಟೊಪ್ಪಿ:
ನಾವು ಶಿರಸಿ ಕಡೆ ಏಳೆಂಟು ಜನ, ನಾಟಕದ ಹುಚ್ಚಿನವ್ರು. ಮುಂದಿನ ತಿಂಗಳು ಒಂದು ಭಾನುವಾರ ಸಂಜೆ ಕಾರವಾರದ ಟ್ಯಾಗೋರ್ ಬೀಚಲ್ಲಿ ಏನಾದ್ರೂ ಮಾಡೋಣ ಅಂತಿದೀವಿ, ಸ್ಟೇಜು ಮೈಕು ಎಂತದೂ ಬೇಡ, ಬಜೆಟ್ಟು ಎರಡು ಸಾವಿರ ದಾಟಬಾರ್ದು. ಪರ್ಫಾರ್ಮೆನ್ಸ್ ಆರ್ಟ್ ಅಂತಾರಲ್ಲ ಆ ಥರ, ಆದ್ರೆ ಜನ ನೋಡಿ ಹೋಗೋದಲ್ಲ, ಅವರೂ ಆಡ್ಬೇಕು. ಹೋದ್ಸಲ ಇಲ್ಲೇ ಬಸ್‌ಸ್ಟ್ಯಾಂಡ್ ಹತ್ರ ಮೈಗೆಲ್ಲ ಹಳೇ ಪೇಪರ್ ಸುತ್ಕೊಂಡು ನಿಂತು, ನಿಮಗೆ ಅನ್ಸಿದ್ದು ಬರೀರಿ ಅಂತ ಸ್ಕೆಚ್ ಪೆನ್ ಚಾಚಿದ್ರೆ ಒಬ್ರೂ ಮುಂದೆ ಬರ್ಲಿಲ್ಲ, ಸುತ್ತ ನಿಂತು ವಿಡಿಯೋ ಹೊಡೆದ್ರು ಅಷ್ಟೆ. ಒಬ್ಬಜ್ಜ ಮಾತ್ರ ಹತ್ರ ಬಂದು ಕುಮಟಾ ಬಸ್ಸು ಹೋಯ್ತಾ ಅಂತ ಕೇಳಿದ್ರು. ತಪ್ಪಿದ್ದೆಲ್ಲಿ?

ಸುಗ್ಗಿಹುಚ್ಚ:
ಅಜ್ಜ ಆದ್ರೂ ಬಂದ್ರಲ್ಲ, ಅಡ್ಡಿಲ್ಲ 😄
ಪೆನ್ ಕೊಟ್ಟಿದ್ದೇ ತಪ್ಪು ಮಾರಾಯ್ರೆ. ನಾಲ್ಕು ಜನರೆದುರು ಬರಿ ಅಂದ್ರೆ ಪರೀಕ್ಷೆ ಬರ್ಸಿದ ಹಾಗಾಗ್ತದೆ. ನಿಮ್ಮೂರ ಬೇಡರ ವೇಷನೇ ನೋಡಿ, ವೇಷದವ ನುಗ್ಗಿ ಬರ್ತಾನೆ, ಹಿಂದಿಂದ ಹಗ್ಗ ಹಿಡಿದವ್ರು ಎಳೀತಾರೆ, ತಮಟೆ ಸದ್ದಿಗೆ ಜನ ಕೂಗ್ತಾ ಓಡ್ತಾರೆ. ಓಡೋದೇ ಅವರ ಪಾರ್ಟು, ಯಾರೂ ಹೇಳ್ಕೊಟ್ಟಿಲ್ಲ.

ಬೈತಖೋಲದವ:
ಜನರ ಕೈಗೆ ಹಗ್ಗ ಕೊಡಿ. ರಂಪಣಿ (ದಂಡೆಯಿಂದ ಎಳೆಯೋ ದೊಡ್ಡ ಮೀನುಬಲೆ) ಎಳೆಯೋದು ನೋಡಿರ್ಬೇಕಲ್ಲ, ದಂಡೆ ಮೇಲೆ ಎರಡೂ ಬದಿ ಸಾಲಾಗಿ ನಿಂತು ಎಳೀತಿದ್ರೆ ವಾಕಿಂಗ್ ಬಂದವ್ರೂ ಚಪ್ಪಲಿ ಬಿಟ್ಟು ಕೈ ಹಾಕ್ತಾರೆ. ಹರಿದ ಬಲೆ ಬಂದರದಲ್ಲಿ ಕೇಳಿ, ಕೊಟ್ಟಾರು. ಅದನ್ನ ಮರಳ ಮೇಲೆ ಹಾಸಿ (ನೀರಿಗೆ ಹಾಕ್ಬೇಡಿ ಮತ್ತೆ), ಅದ್ರಲ್ಲಿ ತೆಂಗಿನ ಚಿಪ್ಪು, ಮುರಿದ ಕೊಡೆ, ಒಂಟಿ ಚಪ್ಪಲಿ ಹಾಕಿ, ನಿಮ್ಮಲ್ಲೇ ಇಬ್ರು ಮೀನಾಗಿ ಮಲಗಿ. ಉಳಿದವ್ರು ಬಾಯಿ ಮುಚ್ಕೊಂಡು ಎಳೀರಿ, ಆಗ್ತಾ ಇಲ್ಲ ಅನ್ನೋ ಹಾಗೆ ಎಳೀರಿ, ಒದ್ದಾಡೋದು ಕಂಡ್ರೆ ಜನ ತಾವಾಗೇ ಬರ್ತಾರೆ. ಆಮೇಲೆ ಮೀನಿನ ಹಾಗೇ ಹರಾಜು ಹಾಕಿ, ಆದ್ರೆ ರೇಟು ದುಡ್ಡಲ್ಲಲ್ಲ, ಸುಳ್ಳಲ್ಲಿ. ಕೊಡೆಗೆ ಒಂದು ಸುಳ್ಳು, ಎರಡು ಸುಳ್ಳು, ಮೂರು... ಗೆದ್ದವ ಅಷ್ಟೂ ಸುಳ್ಳು ಅಲ್ಲೇ ಹೇಳಿ ಕೊಡೆ ತಗೊಂಡು ಹೋಗ್ಬೇಕು. ನಮ್ಮ ಮೀನು ಮಾರೋ ಅಕ್ಕಂದಿರು ಯಾರಾದ್ರೂ ಕೂಗೋಕೆ ನಿಂತ್ರಂತೂ ನಿಮ್ಮ ನಾಟಕದವ್ರು ಯಾರೂ ಬೇಡ.
ಹಗ್ಗ ದಪ್ಪ ಇರ್ಲಿ, ಸಪೂರ ನೈಲಾನು ಕೈ ಕೊಯ್ತದೆ. ಸಣ್ಣ ಮಕ್ಕಳ್ನ ಬಲೆ ಮೇಲೆ ಬಿಡ್ಬೇಡಿ.

ನೋಡುಗ:
ಅಲನ್ ಕ್ಯಾಪ್ರೋ ಅಂತ ಅಮೆರಿಕದ ಕಲಾವಿದ 1967ರಲ್ಲಿ ಲಾಸ್ ಏಂಜಲೀಸ್ ಕಡೆ ಜನರನ್ನ ಸೇರಿಸಿ ಬರ್ಫದ ಗಡ್ಡೆಲಿ ಗೋಡೆ ಕಟ್ಟಿಸಿ ಹಾಗೇ ಕರಗೋಕೆ ಬಿಟ್ಟಿದ್ದ. ಅಲ್ಲೂ ಬಂದವ್ರಿಗೆ ಕೊಟ್ಟಿದ್ದು ಹೊರೋ ಕೆಲ್ಸನೇ. ಮೀನಿನ ಬಂದರ ಇರೋ ಊರಲ್ಲಿ ಬರ್ಫಕ್ಕೇನು ಬರ, ಆದ್ರೆ ಎರಡು ಸಾವಿರದಲ್ಲಿ ಗೋಡೆ ಆಗೋದಿಲ್ಲ, ಕಟ್ಟೆ ಆದೀತು ಅಷ್ಟೆ.

ಹಾಳೆಟೊಪ್ಪಿ:
ಸುಳ್ಳಿನ ಹರಾಜು ಫೈನಲ್! ಮೀನಾಗೋಕೆ ಇಬ್ರು ಈಗ್ಲೇ ಜಗಳ ಆಡ್ತಿದಾರೆ. ಬೈತಖೋಲದವ್ರೆ, ಒಂದು ಡೌಟು, ಆಳನ್ನ ಬಲೆಲಿ ಎಳೆದ್ರೆ ಬೆನ್ನು ತರಚೋದಿಲ್ವಾ? ಅಡಿಕೆ ಹಾಳೆ ತರ್ತೀವಿ, ಸಣ್ಣೋರಿದ್ದಾಗ ಅದರ ಮೇಲೆ ಕೂತು ಎಳೆಸ್ಕೊಳ್ತಿದ್ವಲ್ಲ ಹಾಗೆ, ಮೀನು ಹಾಳೆ ಮೇಲೆ ಮಲಗ್ಲಿ.

ಬೈತಖೋಲದವ:
ಆಗ್ತದೆ. ಒಣ ಮರಳಲ್ಲಿ ಹುಗೀತದೆ, ಇಳಿತ ಎಷ್ಟೊತ್ತಿಗೆ ಅಂತ ನೋಡ್ಕೊಂಡು ಬನ್ನಿ, ನೀರು ಹಿಂದೆ ಸರಿದ ಗಟ್ಟಿ ಮರಳು ಬೇಕು. ಮೀನು ದಪ್ಪ ಇದ್ರೆ ಎರಡು ಹಾಳೆ ಹಾಕಿ.