ಕತ್ತಿನ ಮೂಳೆ ಬೆಸೆಯುವ ಆಪರೇಷನ್ ಆದ ಮೇಲೆ ಎಣ್ಣೆ ಮಾಲೀಶು ಮಾಡಿಸಬಹುದೇ?

ಪ್ರಶ್ನೆ

ಅಮ್ಮನಿಗೆ 61 ವರ್ಷ, ಸಕ್ಕರೆ ಕಾಯಿಲೆ ಇದೆ. ಕತ್ತಿನ ಮುಂಭಾಗದಿಂದ ಆಪರೇಷನ್ ಮಾಡಿ ಸಿ5–ಸಿ6 (ಕತ್ತಿನ ಐದನೇ, ಆರನೇ ಮೂಳೆ) ನಡುವಿನ ಡಿಸ್ಕ್ ತೆಗೆದು, ಆ ಜಾಗದಲ್ಲಿ ಕೇಜ್ ಎಂಬ ಸಣ್ಣ ಚೌಕಟ್ಟು ಕೂರಿಸಿ, ಪ್ಲೇಟ್ ಮತ್ತು ನಾಲ್ಕು ಸ್ಕ್ರೂ ಹಾಕಿದ್ದಾರೆ. ಈಗ 7 ವಾರ. ಕೈಗೆ ಇಳಿಯುತ್ತಿದ್ದ ನೋವು ಹೋಗಿದೆ, ಆದರೆ ಬೆನ್ನಿನ ಮೇಲ್ಭಾಗ, ಹೆಗಲು ಬಿಗಿದುಕೊಂಡಿವೆ. ಬಾಣಂತಿಯರಿಗೆ ಎಣ್ಣೆ ತಿಕ್ಕುವ ಹೆಂಗಸೊಬ್ಬರು ಮನೆಗೇ ಬಂದು ತಿಕ್ಕಿಕೊಡುತ್ತೇನೆ ಅನ್ನುತ್ತಿದ್ದಾರೆ. ತಿಕ್ಕಿಸಬಹುದೇ? ಪ್ಲೇಟ್ ಸರಿದುಬಿಡುತ್ತದೆಯೇ?

ಉತ್ತರ 1 (ಫಿಸಿಯೋಥೆರಪಿಸ್ಟ್)

ಕತ್ತಿಗೆ ಈಗ ಖಂಡಿತ ಬೇಡ. ಪ್ಲೇಟ್ ಇರುವುದು ಬೆನ್ನುಮೂಳೆಯ ಮುಂಬದಿಯಲ್ಲಿ, ಆಳದಲ್ಲಿ. ಹಿಂದಿನಿಂದ ಅಂಗೈಯಲ್ಲಿ ಸವರಿದರೆ ಅದು ಸರಿಯುವುದಿಲ್ಲ. ಭಯ ಇರುವುದು ಒತ್ತಡಕ್ಕಿಂತ ಹೆಚ್ಚಾಗಿ ಬಗ್ಗಿಸುವುದು, ತಿರುಗಿಸುವುದು, ಎಳೆಯುವುದರಿಂದ. ಎಣ್ಣೆ ತಿಕ್ಕುವವರ ಕೈ ಅಭ್ಯಾಸಬಲದಿಂದಲೇ ತಲೆಯನ್ನು ಅತ್ತಿತ್ತ ವಾಲಿಸುತ್ತದೆ, ಗದ್ದ ಹಿಡಿದು ಮೇಲಕ್ಕೆ ಎಳೆಯುತ್ತದೆ.

ಸ್ಕ್ರೂ, ಪ್ಲೇಟ್ ಬರೀ ಊರುಗೋಲು. ನಿಜವಾಗಿ ಬೆಸೆಯಬೇಕಾದದ್ದು ಮೂಳೆ. ಅದಕ್ಕೆ ಸಾಮಾನ್ಯವಾಗಿ 3ರಿಂದ 6 ತಿಂಗಳು, ಕೆಲವರಿಗೆ ವರ್ಷವೇ ಬೇಕು. ಅಷ್ಟರೊಳಗೆ ಆ ಜಾಗ ಮತ್ತೆ ಮತ್ತೆ ಅಲುಗಿದರೆ ಸ್ಕ್ರೂ ಸಡಿಲವಾಗಬಹುದು, ಮೂಳೆ ಕೂಡದೆ ಉಳಿಯಬಹುದು. ಸಕ್ಕರೆ ಕಾಯಿಲೆ ಈ ಅಪಾಯವನ್ನು ಹೆಚ್ಚಿಸುತ್ತದೆ. ಅಮ್ಮನಿಗೆ ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದರೆ ದಯವಿಟ್ಟು ಬಿಡಿಸಿ. ಮೂಳೆ ಕೂಡುವುದಕ್ಕೆ ನಿಕೋಟಿನ್ ದೊಡ್ಡ ಅಡ್ಡಿ.

ಹೆಗಲ ಬಿಗಿತ ಈ ಆಪರೇಷನ್ ನಂತರ ಬಹಳ ಜನರಿಗೆ ಬರುತ್ತದೆ. ಕುಸಿದಿದ್ದ ಡಿಸ್ಕ್‌ನ ಜಾಗವನ್ನು ಕೇಜ್ ಎತ್ತರಿಸುವುದರಿಂದ ಹಿಂದಿನ ಸಣ್ಣ ಕೀಲುಗಳು, ಸ್ನಾಯುಗಳು ಹಿಗ್ಗುತ್ತವೆ. ಕಾಲರ್ ಹಾಕಿ ಅಲುಗದೆ ಕೂತಿರುವುದೂ ಸೇರಿಕೊಳ್ಳುತ್ತದೆ. ಆಪರೇಷನ್ ಮಾಡಿದ ಡಾಕ್ಟರು ಒಪ್ಪಿದರೆ ಹೆಗಲಿಗೆ ಮಾತ್ರ ಹೀಗೆ ಮಾಡಬಹುದು: ಮೇಜಿನ ಮುಂದೆ ಕುರ್ಚಿಯಲ್ಲಿ ಕೂರಿಸಿ, ಎರಡೂ ಮೊಣಕೈಗಳನ್ನು ದಿಂಬಿನ ಮೇಲೆ ಇಡಿಸಿ. ತಲೆ ನೆಟ್ಟಗಿರಲಿ, ಕಾಲರ್ ಹೇಳಿದ್ದರೆ ಅದು ಹಾಗೇ ಇರಲಿ. ಕತ್ತು ಹೆಗಲು ಸೇರುವ ಜಾಗದಿಂದ ನಾಲ್ಕು ಬೆರಳು ಆಚೆ ಶುರುಮಾಡಿ, ತೋಳಿನ ಕಡೆಗೆ ಅಂಗೈಯಿಂದ ನಿಧಾನವಾಗಿ ಸವರಿ. 5 ನಿಮಿಷ ಸಾಕು. ಸವರುವಾಗ ತಲೆ ಕುಲುಕಿದರೆ ಒತ್ತಡ ಜಾಸ್ತಿಯಾಯಿತು ಎಂದೇ ಅರ್ಥ.

ಬೋರಲು ಮಲಗಿಸಲೇಬೇಡಿ. ಚಾಪೆಯ ಮೇಲೆ ಬೋರಲು ಮಲಗಿದರೆ ಉಸಿರಾಡಲು ಮುಖವನ್ನು ಒಂದು ಪಕ್ಕಕ್ಕೆ ಪೂರ್ತಿ ತಿರುಗಿಸಲೇಬೇಕು. ಮಾಲೀಶು ಎಷ್ಟೇ ಹಗುರವಾಗಿದ್ದರೂ ಆ ಭಂಗಿಯೇ ತಪ್ಪು.

ಉತ್ತರ 2 (ನ್ಯೂರೋಸರ್ಜರಿ ವಾರ್ಡಿನ ನರ್ಸ್)

ಕತ್ತಿನ ಮುಂಭಾಗ ಮತ್ತು ಪಕ್ಕವನ್ನು ಯಾರೂ ಒತ್ತಬಾರದು. ಅಲ್ಲಿ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ರಕ್ತನಾಳವಿದೆ. ಒತ್ತಿದರೆ ಬಿಪಿ ದಿಢೀರ್ ಇಳಿದು ತಲೆಸುತ್ತು ಬರಬಹುದು. ಗಾಯದ ಕಲೆಯನ್ನು ಮೆದುವಾಗಿಸಲು ತಿಕ್ಕುವುದು ಬೇರೆ ವಿಷಯ: ಗಾಯ ಪೂರ್ತಿ ಒಣಗಿ, ಹಕ್ಕಳೆ ಉದುರಿ, ಡಾಕ್ಟರು ನೋಡಿ ಹೇಳಿದ ಮೇಲೆ, ಒಂದು ಬೆರಳ ತುದಿಯಿಂದ ಚರ್ಮವನ್ನಷ್ಟೇ ಅಲುಗಿಸಬೇಕು.

ಇನ್ನೊಂದು ಎಚ್ಚರಿಕೆ, ಜನ ಇದನ್ನು ಮರೆಯುತ್ತಾರೆ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಆ ಗಡ್ಡೆ ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅದೇ ದಿನ ಆಸ್ಪತ್ರೆಗೆ ಹೋಗಿ.

ಕೈಬೆರಳು ಹೊಸದಾಗಿ ಮರಗಟ್ಟುವುದು, ಬ್ಲೌಸಿನ ಹುಕ್ ಹಾಕಲು ತಡವರಿಸುವುದು, ನಡೆಯುವಾಗ ವಾಲುವುದು, ಮೂತ್ರ ತಡೆಯಲಾಗದಿರುವುದು ಅಥವಾ ಕಟ್ಟಿಕೊಳ್ಳುವುದು, ಗಾಯದಲ್ಲಿ ಕೀವು, ಜ್ವರ, ನುಂಗುವುದು ದಿನದಿಂದ ದಿನಕ್ಕೆ ಕಷ್ಟವಾಗುವುದು: ಇವುಗಳಲ್ಲಿ ಒಂದು ಕಂಡರೂ ಮಾಲೀಶಿನ ಮಾತೇ ಬೇಡ, ಡಾಕ್ಟರಿಗೆ ತೋರಿಸಿ. ಉಸಿರಾಟಕ್ಕೆ ತೊಂದರೆಯಾದರೆ 108ಕ್ಕೆ ಫೋನ್ ಮಾಡಿ.

ಉತ್ತರ 3 (ಆಯುರ್ವೇದ ವೈದ್ಯರು)

ಗ್ರೀವಾ ಬಸ್ತಿಯನ್ನೂ ಈಗ ಮಾಡಿಸಬೇಡಿ. ಕತ್ತಿನ ಹಿಂದೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬಿಸಿ ಎಣ್ಣೆ ನಿಲ್ಲಿಸಲು ಬೋರಲು ಮಲಗಿಸುತ್ತಾರೆ ಅಥವಾ ತಲೆ ಬಾಗಿಸಿ ಕೂರಿಸುತ್ತಾರೆ. ಎರಡೂ ಆಗದು. ಸಕ್ಕರೆ ಕಾಯಿಲೆಯವರಿಗೆ, ನರ ಒತ್ತಿಕೊಂಡಿದ್ದವರಿಗೆ ಚರ್ಮದ ಸ್ಪರ್ಶ ಮಂದವಾಗಿರಬಹುದು, ಸುಟ್ಟರೂ ತಿಳಿಯದು. ಹೆಗಲಿಗೆ ಹಚ್ಚುವ ಎಣ್ಣೆಯ ಬಿಸಿಯನ್ನು ಬೇರೆಯವರು ತಮ್ಮ ಮಣಿಕಟ್ಟಿನ ಒಳಬದಿಯಲ್ಲಿ ನೋಡಿಯೇ ಹಚ್ಚಬೇಕು. ತಲೆಗೆ ಎಣ್ಣೆ ಬೇಕೆನಿಸಿದರೆ ಬೆರಳಲ್ಲಿ ಬೈತಲೆಗೆ ಸವರಿ ಬಿಡಿ. ತಟ್ಟುವುದು, ಕುಲುಕುವುದು ಬೇಡ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಮೂಳೆ ಪೂರ್ತಿ ಕೂಡಿದೆ ಎಂದ ಮೇಲೆ ಕತ್ತಿಗೂ ಮಾಡಿಸಬಹುದೇ? ನೆಟಿಗೆ ತೆಗೆಯುವುದು, ಮಸಾಜ್ ಗನ್?

ಉತ್ತರ 1 (ಫಿಸಿಯೋಥೆರಪಿಸ್ಟ್)

ಎಕ್ಸ್‌ರೇ, ಬೇಕಾದರೆ ಸಿಟಿ ಸ್ಕ್ಯಾನ್ ನೋಡಿ ಡಾಕ್ಟರು ಹೇಳಿದ ಮೇಲೆ, ಅಂಗಾತ ಮಲಗಿಸಿ ಅಥವಾ ಕೂರಿಸಿ ಕತ್ತಿನ ಹಿಂಬದಿಯ ಸ್ನಾಯುಗಳನ್ನು ಹಗುರವಾಗಿ ಸವರಬಹುದು. ನೆಟಿಗೆ ತೆಗೆಸುವುದು ಮಾತ್ರ ಜೀವಮಾನದಲ್ಲಿ ಬೇಡ, ಕಟಿಂಗ್ ಶಾಪ್‌ನಲ್ಲಾಗಲಿ ಬೇರೆಲ್ಲೇ ಆಗಲಿ. ಬೆಸೆದ ಜಾಗ ಅಲುಗದ ಕಾರಣ ಆ ಜಟಕಿನ ಬಲ ಮೇಲಿನ ಸಿ4–ಸಿ5, ಕೆಳಗಿನ ಸಿ6–ಸಿ7 ಮೇಲೆ ಬೀಳುತ್ತದೆ. ಅವು ಮೊದಲೇ ಹೆಚ್ಚು ಭಾರ ಹೊರುತ್ತಿರುತ್ತವೆ. ಜೊತೆಗೆ ಕತ್ತಿನ ಮೂಳೆಗಳ ಪಕ್ಕದ ರಂಧ್ರಗಳಲ್ಲಿ ಮಿದುಳಿಗೆ ಏರುವ ರಕ್ತನಾಳ, ದಿಢೀರ್ ತಿರುವಿದಾಗ ಒಳಪದರ ಹರಿದು ಪಾರ್ಶ್ವವಾಯುವಿಗೆ ಕಾರಣವಾಗಬಹುದು. ಮಸಾಜ್ ಗನ್ ಅನ್ನು ಕತ್ತಿನ ಹತ್ತಿರ ತರಬೇಡಿ.

ಎಣ್ಣೆ ತಿಕ್ಕುವವರು ಬಂದರೆ, ಆಪರೇಷನ್ ಆಗಿರುವುದನ್ನು ಮೊದಲೇ ಹೇಳಿ, ಕತ್ತಿನ ಸುತ್ತ ಒಂದು ಟವೆಲ್ ಹೊದಿಸಿ, ಅದರ ಒಳಗೆ ಕೈ ಹೋಗಬಾರದು ಎಂದು ತಿಳಿಸಿ. ನೀವು ಎದುರಿಗೇ ಕೂತಿರಿ.