ಚೀನೀ ಡ್ರಾಮಾದಲ್ಲಿ ನಿಧಾನ ಯಾವುದು, ಎಳೆದಾಟ ಯಾವುದು?

ಗಾಳಿಬೀಡು ಸೊಸೆ:

ಎಲ್ಲರಿಗೂ ನಮಸ್ಕಾರ. ಈ ಮಳೆಗಾಲ ನಾನೂ ನಮ್ಮತ್ತೆಯೂ ಕೂತು 'ನಿರ್ವಾಣ ಇನ್ ಫಯರ್' ಪೂರ್ತಿ ನೋಡಿದ್ವಿ. 2015ರದ್ದು, 54 ಎಪಿಸೋಡು, ಒಂದೊಂದು ಮುಕ್ಕಾಲು ಗಂಟೆ. ಜೂನ್ ಕೊನೆಗೆ ಹಿಡಿದದ್ದು ಸೆಪ್ಟೆಂಬರ್ ಮೊದಲ ವಾರ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಮುಗೀತು. ಈಗ ಸಂಜೆ ಆದ್ರೆ ಇಬ್ಬರಿಗೂ ಕೈ ಖಾಲಿ ಖಾಲಿ. ಅದಕ್ಕೇ ಇಲ್ಲಿ ಕೇಳ್ತಾ ಇದ್ದೀನಿ.

ಅತ್ತೆಗೆ ಇಂಗ್ಲಿಷ್ ಬರಲ್ಲ, ಕೆಳಗಡೆ ಓಡೋ ಸಣ್ಣಕ್ಷರ ಕಣ್ಣಿಗೂ ಕಾಣಲ್ಲ. ನಾನು ಸಬ್‌ಟೈಟಲ್ ಓದಿ ಓದಿ ನಮ್ಮ ಮನೆಮಾತು ಅರೆಭಾಷೆಯಲ್ಲಿ ಹೇಳ್ತಾ ಹೋಗೋದು. ಮಾತು ಜಾಸ್ತಿ ಇದ್ದ ಕಡೆ ನಿಲ್ಲಿಸಿ ಹೇಳ್ಬೇಕು, ಹಂಚಿನ ಮೇಲೆ ಮಳೆ ಜೋರಾದ್ರೆ ಕೂಗಿ ಹೇಳ್ಬೇಕು. ಜುಲೈಯಲ್ಲಿ ನಮ್ಮ ಕಡೆ ಕರೆಂಟು ಹೋದ್ರೆ ಯಾವಾಗ ಬರುತ್ತೋ ಹೇಳೋಕಾಗಲ್ಲ. ನಮ್ಮನೆಯವರು ಮಡಿಕೇರಿಗೆ ಹೋದಾಗೆಲ್ಲ ನಾಲ್ಕೈದು ಎಪಿಸೋಡು ಟ್ಯಾಬಿಗೆ ಇಳಿಸ್ಕೊಂಡು ಬರೋರು. ಹೀಗೆ ಒಂದೊಂದಕ್ಕೆ ಒಂದೂಕಾಲು ಗಂಟೆ ಹಿಡೀತಿತ್ತು.

ಪ್ರತಿ ಮಾತನ್ನೂ ನಮ್ಮ ಬಾಯಲ್ಲೇ ಹೇಳುವಾಗ ಯಾವುದು ಬೇಕಿತ್ತು, ಯಾವುದು ಸುಮ್ನೆ ತುಂಬಿಸಿದ್ದು ಅನ್ನೋದು ಚೆನ್ನಾಗಿ ಗೊತ್ತಾಗಿಬಿಡುತ್ತೆ. ಈ ಡ್ರಾಮಾದಲ್ಲಿ ನಾನು ಸುಸ್ತಾಗಿ ಎರಡು ಸಾಲು ನುಂಗಿದ್ರೆ, ಹತ್ತು ಎಪಿಸೋಡ್ ಆದ್ಮೇಲೆ ಅದೇ ಎರಡು ಸಾಲು ಬೇಕಾಗಿ ಬರೋದು. ಹಿಂದಕ್ಕೆ ಹೋಗಿ ಹೇಳ್ಬೇಕಾಗ್ತಿತ್ತು.

ಕಥೆ ಗೊತ್ತಿಲ್ಲದವರಿಗೆ ಹೇಳ್ತೀನಿ. ಸುಳ್ಳು ದ್ರೋಹದ ಆರೋಪ ಹೊರಿಸಿ 70 ಸಾವಿರ ಸೈನಿಕರನ್ನು ಕೊಂದಿರ್ತಾರೆ. ಅದರಲ್ಲಿ ಬದುಕುಳಿದ ಸೇನಾಪತಿ ಮಗ ಲಿನ್ ಶೂ, ಮೈಯ ವಿಷ ಇಳಿಸುವ ಚಿಕಿತ್ಸೆಯಲ್ಲಿ ಮುಖವೇ ಬದಲಾಗಿ, ಎಷ್ಟೋ ವರ್ಷದ ಮೇಲೆ ಮೇಯ್ ಚಾಂಗ್‌ಸು ಅನ್ನೋ ಹೆಸರಲ್ಲಿ ರಾಜಧಾನಿಗೆ ಬರ್ತಾನೆ. ಹು ಗ ಮಾಡಿದ ಪಾತ್ರ. ಯಾವಾಗ್ಲೂ ಕೆಮ್ಮು, ಹೆಗಲ ಮೇಲೆ ತುಪ್ಪಳದ ಹೊದಿಕೆ, ಮುಂದೆ ಕೆಂಡದ ಒಲೆ. ಅತ್ತೆ ಅವನಿಗೆ ಇಟ್ಟ ಹೆಸರು 'ಕೆಮ್ಮಿನ ಹುಡುಗ'.

ಶುರುವಿನಲ್ಲೇ ಒಂದು ದೃಶ್ಯ ಇದೆ. ಅರಮನೆಯ ಮುತ್ತಜ್ಜಿಗೆ ಅರಳು ಮರಳು, ನಿನ್ನೆ ಇವತ್ತು ಎಲ್ಲಾ ಕಲಸಿಹೋಗಿದೆ. ಜೊತೇಲಿ ಬೆಳೆದವರೇ ಗುರುತು ಹಿಡಿಯದ ಅವನ ಕೈ ಹಿಡಿದು ಆ ಅಜ್ಜಿ 'ಶಿಯಾವ್ ಶೂ', ಅಂದ್ರೆ ಪುಟ್ಟ ಶೂ, ಅಂತಾರೆ. ಹಿಂದೆ ಅವನಿಗೆ ನಿಶ್ಚಯವಾಗಿದ್ದ ನಿಹುವಾಂಗ್‌ಳ ಕೈ ತಂದು ಅವನ ಕೈಯಲ್ಲಿಡ್ತಾರೆ. ಸುತ್ತ ನಿಂತವರು ಅಜ್ಜಿಗೆ ಮರೆವು ಅಂತ ಬಿಟ್ಟುಬಿಡ್ತಾರೆ. ಅತ್ತೆ ಆಗ ಕಣಿಲೆ ಹೆಚ್ತಾ ಇದ್ರು. ಕೈ ನಿಂತುಹೋಯ್ತು. ಮೆಟ್ಟುಕತ್ತಿ ಬದಿಗೆ ಸರಿಸಿ, "ಅದನ್ನ ಇನ್ನೊಂದು ಸಲ ಹಾಕು" ಅಂದ್ರು. ಅವರ ತಾಯಿ ಕೊನೆಯ ಮೂರು ವರ್ಷ ಮಕ್ಕಳ ಹೆಸರು ಮರೆತಿದ್ರಂತೆ, ಆದ್ರೆ ಅಂಗೈ ಸವರಿ ನೋಡಿ ಇದು ಯಾರ ಕೈ ಅಂತ ಹೇಳ್ತಿದ್ರಂತೆ. ನಾನು ಈ ಮನೆಗೆ ಬಂದು 11 ವರ್ಷ. ಈ ಮಾತು ಕೇಳಿದ್ದು ಅವತ್ತೇ ಮೊದಲು.

ಆಮೇಲೆ ಆ ಮುತ್ತಜ್ಜಿ ತೀರಿಕೊಂಡಾಗ ಅವನು ಮನೆಯೊಳಗೇ, ಹೊರಗಿನವರಿಗೆ ತಿಳಿಯದ ಹಾಗೆ ಸೂತಕ ಹಿಡೀತಾನೆ. ಬಹಿರಂಗವಾಗಿ ಅಳೋ ಹಕ್ಕು ಅವನಿಗಿಲ್ಲ. ಅತ್ತೆ ಆ ದಿನ ರಾತ್ರಿ ಊಟಕ್ಕೆ ತಡವಾಗಿ ಎದ್ದರು.

ಕೊರತೆನೂ ಇದೆ, ಹೇಳ್ಬಿಡ್ತೀನಿ. ನಿಹುವಾಂಗ್ ಯುನ್ನಾನಿನ ಗಡಿ ಕಾಯೋ ಸೈನ್ಯದ ದೊರೆಸಾನಿ, ಲಿಯು ತಾವ್ ಎಷ್ಟು ಗಟ್ಟಿಯಾಗಿ ಮಾಡಿದ್ದಾರೆ ಅಂದ್ರೆ ಕಣ್ಣು ಬೇರೆ ಕಡೆ ಹೋಗಲ್ಲ. ಅಂಥವಳನ್ನ ಅರ್ಧ ದಾರಿಯಲ್ಲಿ ಊರಿಗೆ ಕಳಿಸಿಬಿಡ್ತಾರೆ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಇದಾದ್ಮೇಲೆ 2023ರ 'ಮೀಟ್ ಯುವರ್‌ಸೆಲ್ಫ್' ಹಾಕಿದ್ವಿ, 40 ಎಪಿಸೋಡು. ಬೀಜಿಂಗಿನ ಹೋಟೆಲಲ್ಲಿ ಕೆಲಸ ಮಾಡೋ ಹುಡುಗಿ, ಜೀವದ ಗೆಳತಿ ಕ್ಯಾನ್ಸರಿನಲ್ಲಿ ಹೋದ ಮೇಲೆ ಕೆಲಸ ಬಿಟ್ಟು ಯುನ್ನಾನಿನ ದಾಲಿ ಕಡೆ ಒಂದು ಹಳ್ಳಿಗೆ ಮೂರು ತಿಂಗಳು ಬಂದಿರ್ತಾಳೆ. ಲಿಯು ಯಿಫೇಯ್ ಮಾಡಿದ್ದು. ಅತ್ತೆಗೆ ಬಹಳ ಇಷ್ಟ ಆಗಿದೆ. ನನಗೆ 15 ಎಪಿಸೋಡ್ ಆದ್ರೂ ಹಿಡಿತ ಸಿಕ್ತಿಲ್ಲ. ಅಡುಗೆ ಮಾಡ್ತಾರೆ, ಅಂಗಳದಲ್ಲಿ ಕೂರ್ತಾರೆ, ನಡೀತಾರೆ. ಹೋಮ್‌ಸ್ಟೇ ನಡೆಸೋ ನನಗೆ ಅದೇ ದಿನವಿಡೀ ಮಾಡೋ ಕೆಲಸ. ಮುಂದೆ ಏನಾದ್ರೂ ಆಗುತ್ತಾ? 'ದಿ ಅನ್‌ಟೇಮ್ಡ್' ಕೂಡ ಎರಡು ಎಪಿಸೋಡಿಗೆ ಬಿಟ್ವಿ, ಯಾರು ಯಾರು ಅಂತಲೇ ಹೇಳೋಕಾಗ್ಲಿಲ್ಲ ನನಗೆ. ಎರಡರಲ್ಲಿ ಯಾವುದು ಮುಂದುವರಿಸ್ಲಿ?

ಗೋಣಿಕೊಪ್ಪ ಮೊಬೈಲ್:

ಅಕ್ಕಾ, ಎರಡೂ ಬಿಡಿ. ನಾನು ಮೊಬೈಲ್ ರಿಪೇರಿ ಅಂಗಡಿಯವನು, ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕಿ ಮನೆಗೆ ಹೋದ್ಮೇಲೆ ಒಂದು ಎಪಿಸೋಡ್ ನೋಡೋಕೆ ಸಮಯ ಸಿಗೋದು. 40, 50 ಅಂದ್ರೆ ನನ್ನ ಕೈಲಾಗಲ್ಲ.

ಅಲ್ಲಿಯ ಸೀರಿಯಲ್ ಉದ್ದ ಆಗೋದಕ್ಕೆ ಒಂದು ಲೆಕ್ಕಾಚಾರ ಇದೆ. ಚಾನೆಲ್‌ಗೆ, ಆ್ಯಪ್‌ಗೆ ಮಾರೋದು ಎಪಿಸೋಡಿಗೆ ಇಷ್ಟು ಅಂತ. ಎಪಿಸೋಡ್ ಜಾಸ್ತಿ ಆದಷ್ಟೂ ದುಡ್ಡು ಜಾಸ್ತಿ. ಹಾಗಾಗಿ ಹಿಂದಿನ ನೆನಪು ಅಂತ ನೋಡಿದ್ದನ್ನೇ ಮತ್ತೆ ಹಾಕೋದು, ಎಡವಿ ಬೀಳೋ ಹುಡುಗಿಯನ್ನ ನಾಲ್ಕು ದಿಕ್ಕಿಂದ ನಿಧಾನವಾಗಿ ತೋರಿಸೋದು. ಚೀನಾದ ಪ್ರೇಕ್ಷಕರೇ ಇದಕ್ಕೆ 'ನೀರು ತುಂಬಿಸೋದು' ಅಂತಾರೆ. ಹಾಲಿಗೆ ನೀರು ಅಂತೀವಲ್ಲ, ಅದೇ. ಕೊನೆಗೆ 2020ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರದ ಪ್ರಸಾರ ಇಲಾಖೆಯೇ ಸುತ್ತೋಲೆ ಹೊರಡಿಸ್ತು, 40 ಎಪಿಸೋಡು ಮೀರಬೇಡಿ, 30ರೊಳಗೆ ಮುಗಿಸಿದ್ರೆ ಒಳ್ಳೇದು ಅಂತ. ನೀವು ಹೇಳಿದ್ದು ಸರಿಯಾಗಿ 40 ಇದೆ ನೋಡಿ. ನನಗೆ ಅದರಲ್ಲಿ 20 ನೀರೇ.

'ದಿ ಲಾಂಗ್ ಸೀಸನ್' ನೋಡಿ. 2023, ಬರೀ 12. ಈಶಾನ್ಯ ಚೀನಾದ ಒಂದು ಉಕ್ಕಿನ ಕಾರ್ಖಾನೆ ಊರು. 1998ರಲ್ಲಿ ಕಾರ್ಖಾನೆಯ ರೈಲು ಓಡಿಸ್ತಿದ್ದವನು 2016ರಲ್ಲಿ ಟ್ಯಾಕ್ಸಿ ಓಡಿಸ್ತಾ ಇರ್ತಾನೆ. ಮಧ್ಯೆ ಮಗ ಹೋಗಿದಾನೆ, ಕೆಲಸ ಹೋಗಿದೆ. ಫಾನ್ ವೇಯ್ ಅಂತ ನಟ. ಕಾಲರ್ ಸರಿ ಮಾಡ್ಕೊಂಡು ಎದೆ ಉಬ್ಬಿಸಿ ನಡೆಯೋ ಆ 1998ರ ಮನುಷ್ಯನನ್ನೂ, ಮುದುಕನಾದ ಮೇಲೆ ಕಾರಲ್ಲಿ ಕೂತ ಅದೇ ಮನುಷ್ಯನನ್ನೂ ಪಕ್ಕಪಕ್ಕ ತೋರಿಸ್ತಾರೆ. ಕೊಲೆ ಯಾರು ಮಾಡಿದ್ದು ಅನ್ನೋದಕ್ಕಿಂತ ಈ ಮನುಷ್ಯ ಹೇಗೆ ಇಷ್ಟು ವರ್ಷ ಉಸಿರಾಡಿದ ಅನ್ನೋದೇ ನನ್ನನ್ನ ಹಿಡಿದಿದ್ದು. ನಮ್ಮಪ್ಪನನ್ನ ನೆನೆಸಿಕೊಂಡೆ. ಅವರು ಕೆಲಸ ಮಾಡ್ತಿದ್ದ ಮರದ ಮಿಲ್ಲು ಮುಚ್ಚಿದ ವರ್ಷ ನಾನು ಏಳನೇ ಕ್ಲಾಸು.

ಗಾಳಿಬೀಡು ಸೊಸೆ:

ತಮ್ಮಾ, ಲಾಂಗ್ ಸೀಸನ್ ಬರ್ಕೊಂಡೆ. ಆದ್ರೆ ಎಪಿಸೋಡಿನ ಎಣಿಕೆಯಲ್ಲಿ ನೀರು ಅಳೆಯೋಕೆ ನನಗೆ ಮನಸ್ಸು ಒಪ್ತಿಲ್ಲ. 54ರಲ್ಲೂ ನೀರಿಲ್ಲದ್ದನ್ನ ಈಗಷ್ಟೇ ನೋಡಿದೀನಿ.

ಒಂದೇ ಒಂದು ಹೇಳ್ತೀನಿ. ಲಿನ್ ಶೂ ಗೆಳೆಯ, ರಾಜಕುಮಾರ ಜಿಂಗ್‌ಯಾನ್‌ನ ತಾಯಿ ತಿಂಡಿ ಮಾಡಿ ಎರಡು ಡಬ್ಬಿ ಕಳಿಸ್ತಾಳೆ, ಒಂದು ಮಗನಿಗೆ, ಒಂದು ಮೇಯ್ ಚಾಂಗ್‌ಸುಗೆ. ಮಗನಿಗೆ ಹೇಜಲ್‌ನಟ್ ತಿಂಡಿ ಅಂದ್ರೆ ಪ್ರಾಣ, ಎರಡರಲ್ಲೂ ಅದು ಇರಲ್ಲ. ಲಿನ್ ಶೂಗೆ ಹೇಜಲ್‌ನಟ್ ಆಗ್ತಿರ್ಲಿಲ್ಲ. ಡಬ್ಬಿ ಅದಲು ಬದಲಾದ್ರೆ ಅಂತ ತಾಯಿ ಮಗನದನ್ನೂ ಬಿಟ್ಟಿದ್ದಾಳೆ. ಇವನೇ ಅವನು ಅಂತ ಅವಳಿಗೆ ಗೊತ್ತಾಗಿದೆ, ಬಾಯಿ ಬಿಟ್ಟು ಹೇಳಲ್ಲ. ಆ ದೃಶ್ಯಕ್ಕೆ ಮುಂಚೆ ಎಷ್ಟೋ ಎಪಿಸೋಡಲ್ಲಿ ಅವಳು ಸುಮ್ನೆ ತಿಂಡಿ ಮಾಡ್ತಾ ಇರ್ತಾಳೆ. ಅಷ್ಟು ನಿಧಾನ ಇಲ್ದಿದ್ರೆ ಆ ಡಬ್ಬಿ ಬರೀ ಡಬ್ಬಿಯಾಗಿರ್ತಿತ್ತು. ನನಗೆ ನಿಧಾನ ಬೇಡ ಅಂತಿಲ್ಲ, ಅದರೊಳಗೆ ಏನೋ ಕೂಡಿಕೊಳ್ತಾ ಇರಬೇಕು.

ಪೊನ್ನಂಪೇಟೆ ಕಾಡುಮಲ್ಲಿಗೆ:

ಅಕ್ಕಾ, ದಯವಿಟ್ಟು ಅನ್‌ಟೇಮ್ಡ್ ಬಿಡಬೇಡಿ! ನಾನು ಹಾಸ್ಟೆಲಲ್ಲಿ ಮೂರು ಸಲ ನೋಡಿದೀನಿ. ಎಲ್ಲರೂ ಬಿಡೋದು ಎರಡನೇ ಎಪಿಸೋಡಿಗೇ. ತಪ್ಪು ನಿಮ್ಮದಲ್ಲ. ಕಥೆ ಶುರುವಾಗೋದು ಕೊನೆಯಿಂದ: ವೇಯ್ ವೂಶಿಯೆನ್ ಸತ್ತು 16 ವರ್ಷ ಆದ್ಮೇಲೆ ವಾಪಸ್ ಬಂದಿರ್ತಾನೆ. ಮೂರನೇ ಎಪಿಸೋಡಿಂದ ಹಿಂದಕ್ಕೆ ಹೋಗಿ 33ರ ತನಕ ಹಳೆಯ ಕಥೆಯೇ. ಅಲ್ಲಿಂದ ನೆಟ್ಟಗೆ 50ಕ್ಕೆ. ಮುಗಿಸಿದ ಮೇಲೆ ಮೊದಲ ಎರಡು ಎಪಿಸೋಡು ಮತ್ತೆ ನೋಡಿ. ಅವನ ಗೆಳೆಯ ಲಾನ್ ವಾಂಗ್‌ಜಿ ಆ ಕೊಳಲಿನ ರಾಗ ಕೇಳಿ ಅವನ ಕೈ ಹಿಡಿಯೋದಿದೆಯಲ್ಲ, ಮೊದಲ ಸಲ ಅದು ಏನೂ ಅನ್ಸಲ್ಲ, ಎರಡನೇ ಸಲ ಗಂಟಲು ಕಟ್ಟುತ್ತೆ.

ಹೆಸರಿನ ಗಲಿಬಿಲಿಗೆ ಒಂದು ದಾರಿ ಇದೆ. ಹಳೇ ಚೀನಾದಲ್ಲಿ ಹುಟ್ಟಿದಾಗ ಒಂದು ಹೆಸರು, ವಯಸ್ಸಿಗೆ ಬಂದ ಮೇಲೆ ಹೊರಗಿನವರು ಗೌರವದಿಂದ ಕರೆಯೋಕೆ ಇನ್ನೊಂದು. ವೇಯ್ ಯಿಂಗ್, ವೇಯ್ ವೂಶಿಯೆನ್ ಒಬ್ಬನೇ. ಲಾನ್ ಝಾನ್, ಲಾನ್ ವಾಂಗ್‌ಜಿ ಒಬ್ಬನೇ. ಮೊದಲು ಬರೋದು ಮನೆತನ. ನಮ್ಮಲ್ಲೂ ಮನೆಹೆಸರು ಮುಂದೆ ಇಟ್ಟು ಕರೆಯೋದು, ಮನೆಯೊಳಗೆ ಮುದ್ದು ಹೆಸರು ಬೇರೆ ಇರೋದು, ಅತ್ತೆಗೆ ಹಾಗೆ ಹೇಳಿ, ತಕ್ಷಣ ಅರ್ಥ ಆಗುತ್ತೆ. ಊರೆಲ್ಲ ದೊಡ್ಡ ಹೆಸರಲ್ಲಿ ಕರೆಯುವಾಗ ಆ ಇಬ್ಬರು ಮಾತ್ರ ಒಬ್ಬರನ್ನೊಬ್ಬರು ಹುಟ್ಟಿದ ಹೆಸರಲ್ಲಿ ಕರ್ಕೊಳ್ತಾರೆ. ಸಬ್‌ಟೈಟಲಲ್ಲಿ ಅದನ್ನ ಗಮನಿಸಿ ಓದಿ, ಒಂದೇ ಹೆಸರು ಮಾಡಿ ಹೇಳ್ಬೇಡಿ.

ಮೂಲ ಕಾದಂಬರಿಯಲ್ಲಿ ಅವರಿಬ್ಬರದು ಪ್ರೀತಿ. ಟೀವಿಯಲ್ಲಿ ಸೆನ್ಸಾರಿಗಾಗಿ ಸ್ನೇಹ ಅಂತ ಮಾಡಿದ್ದಾರೆ. ಬಾಯಲ್ಲಿ ಹೇಳೋಕೆ ಆಗದ್ದೆಲ್ಲ ನೋಟಕ್ಕೆ ಬಂದಿದೆ. ಅಲ್ಲಿ ಕ್ಯಾಮೆರಾ ಮುಖದ ಮೇಲೆ ಅಷ್ಟು ಹೊತ್ತು ನಿಲ್ಲೋದಕ್ಕೆ ಕಾರಣ ಅದೇ ಅಂತ ನನ್ನ ನಂಬಿಕೆ. ಗ್ರಾಫಿಕ್ಸ್ ಮಾತ್ರ ಸುಮಾರು, ಅದನ್ನ ಮೊದಲೇ ಹೇಳಿಬಿಡ್ತೀನಿ.

ಸೋಮವಾರಪೇಟೆ ಮೇಷ್ಟ್ರು:

'ಮೀಟ್ ಯುವರ್‌ಸೆಲ್ಫ್' ಬಗ್ಗೆ ಇಬ್ಬರೂ ಪೂರ್ತಿ ಹೇಳಲಿಲ್ಲ. ನಾನು ಮತ್ತು ನನ್ನ ಹೆಂಡತಿ ಅದನ್ನು ಕಳೆದ ಜನವರಿಯಲ್ಲಿ ನೋಡಿದೆವು, ಕಣದಲ್ಲಿ ಕಾಫಿ ಒಣಗುತ್ತಿದ್ದ ದಿನಗಳಲ್ಲಿ. ಮಗಳು ಬೆಂಗಳೂರಿನಲ್ಲಿ ಕೂತು ನಮಗೆ ಹಾಕಿಕೊಟ್ಟದ್ದು.

ತಾಯಿ, ನಿಮಗೆ ಅದು ಎಳೆದ ಹಾಗೆ ಕಂಡಿದ್ದರೆ ನೀವು ನಾಯಕಿಯ ಕಡೆ ನೋಡುತ್ತಿದ್ದೀರಿ. ಸ್ವಲ್ಪ ದಿನ ಆ ಹುಡುಗ ಶೆ ಝಿಯಾವ್ ಕಡೆ ನೋಡಿ. ಬೀಜಿಂಗಿನ ಒಳ್ಳೇ ಸಂಬಳ ಬಿಟ್ಟು ಊರಿಗೆ ವಾಪಸ್ ಬಂದವನು. ಮರದ ಕೆತ್ತನೆ ಕಲಿಯಲು ಹುಡುಗರು ಸಿಗುವುದಿಲ್ಲ, ಕೈಕಸುಬಿನವರಿಗೆ ಮುಂದೆ ಯಾರೂ ಇಲ್ಲ, ಊರಲ್ಲಿ ಉಳಿದದ್ದು ಅಜ್ಜಿ ತಾತಂದಿರು. ಮನೆ ಮನೆ ತಿರುಗಿ, ಒಬ್ಬೊಬ್ಬರನ್ನೇ ಒಪ್ಪಿಸಿ, ಹೊರಗೆ ಹೋದವರನ್ನು ಕರೆಸಿಕೊಳ್ಳುವ ಕೆಲಸ ಅವನದು. ಒಪ್ಪಿಸುವ ಕೆಲಸಕ್ಕೆ ಅಷ್ಟು ಎಪಿಸೋಡು ಬೇಕೇ ಬೇಕು. ನಾನು 34 ವರ್ಷ ಶಾಲೆಯಲ್ಲಿ ಇದ್ದವನು, ಒಂದು ಮನೆಗೆ ಒಂಬತ್ತು ಸಲ ನಡೆದು ಹೆಣ್ಣುಮಗುವನ್ನು ಹೈಸ್ಕೂಲಿಗೆ ಕಳಿಸಿದ್ದುಂಟು.

ಆದರೆ ಆ ಪಾತ್ರದ ಬಗ್ಗೆ ನನ್ನ ತಕರಾರು ಇದೆ. ಅವನಲ್ಲಿ ಹುಳುಕೇ ಇಲ್ಲ. ಸಿಟ್ಟು ಬರುವುದಿಲ್ಲ, ತಪ್ಪು ಲೆಕ್ಕ ಹಾಕುವುದಿಲ್ಲ, ಸಾಲ ಕೊಟ್ಟವರಿಗೆ ಮುಖ ತಪ್ಪಿಸುವುದಿಲ್ಲ. ಊರಿಗೆ ವಾಪಸ್ ಬಂದು ತೋಟ ಹಿಡಿದ ನಮ್ಮ ಹುಡುಗರನ್ನು ನಾನು ನೋಡಿದ್ದೇನೆ. ಮೆಣಸಿನ ಬಳ್ಳಿಗೆ ಸೊರಗು ರೋಗ ಬಿದ್ದ ವರ್ಷ ಅವರ ಮುಖ ಹೇಗಿರುತ್ತದೆ ಗೊತ್ತು. ಆ ಮುಖ ಆ ಡ್ರಾಮಾದಲ್ಲಿ ಒಮ್ಮೆಯೂ ಬರಲಿಲ್ಲ. ಕೂಲಿಯವರ ಮನೆಯೊಳಗೂ ಕ್ಯಾಮೆರಾ ಹೋಗಲಿಲ್ಲ. ಅಂಗಳ ಯಾವಾಗಲೂ ಗುಡಿಸಿರುತ್ತದೆ, ಗುಡಿಸಿದವರು ಕಾಣುವುದಿಲ್ಲ.

ಅದು ಪ್ರಸಾರವಾದ ಮೇಲೆ ದಾಲಿಗೆ ಪ್ರವಾಸಿಗರು ನುಗ್ಗಿದರು, ಶೂಟಿಂಗ್ ಆದ ಹಳ್ಳಿಯಲ್ಲಿ ಫೋಟೋಕ್ಕೆ ಸಾಲು ನಿಂತರು. ವಾರದ ಕೊನೆಗೆ ಮಡಿಕೇರಿ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡವರಿಗೆ ಅದರ ಮುಂದಿನ ಕಥೆ ಹೇಳಬೇಕಾಗಿಲ್ಲ. ಶಾಂತಿ ಹುಡುಕಿ ಬರುವ ಹುಡುಗಿಯನ್ನು 40 ಎಪಿಸೋಡು ತೋರಿಸಿದವರು, ಆ ಶಾಂತಿ ಕೊಡುವ ಊರಿನವರಿಗೆ ರಾತ್ರಿ ನಿದ್ದೆ ಬರುತ್ತದೆಯೇ ಎಂದು ಒಂದು ಎಪಿಸೋಡು ತೋರಿಸಬಹುದಿತ್ತು. ಹೀಗಿದ್ದೂ ನಾವು ಕೊನೆಯವರೆಗೆ ನೋಡಿದೆವು. ಗೆಳತಿ ಸತ್ತ ದುಃಖ ಎರಡು ಹಾಡಿನಲ್ಲಿ ಕರಗಿಹೋಗದೆ, ತಿಂಗಳುಗಟ್ಟಲೆ ಅವಳ ಜೊತೆ ಊಟಕ್ಕೆ ಕೂರುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಮೇಲೆ ನಮ್ಮ ನೆಂಟರ ಮನೆಯಲ್ಲಿ ಅದನ್ನು ಹತ್ತಿರದಿಂದ ಕಂಡವನು ನಾನು. ಅದರ ವೇಗ ಅಷ್ಟೇ.

ಗಾಳಿಬೀಡು ಸೊಸೆ:

ಮೇಷ್ಟ್ರೇ, ನಿಮ್ಮ ಮಾತನ್ನ ಅತ್ತೆಗೆ ಓದಿ ಹೇಳಿದೆ. ಸುಮ್ನೆ ಕೇಳಿಸ್ಕೊಂಡು, "ಆ ಹುಡುಗಿ ಊಟಕ್ಕೆ ಕೂತಾಗ ಯಾವಾಗ್ಲೂ ಪಕ್ಕಕ್ಕೆ ಸ್ವಲ್ಪ ಜಾಗ ಬಿಟ್ಟು ಕೂರ್ತಾಳೆ, ನೀನು ನೋಡಿಲ್ವಾ?" ಅಂದ್ರು. ನಾನು ನೋಡಿರ್ಲಿಲ್ಲ. ನನ್ನ ಕಣ್ಣು ಇಷ್ಟು ದಿನ ಕೆಳಗಿನ ಅಕ್ಷರದ ಮೇಲಿತ್ತು, ಅವರ ಕಣ್ಣು ಮುಖಗಳ ಮೇಲೆ. ನಿನ್ನೆ ಮೊದಲ ಎಪಿಸೋಡಿಂದ ಮತ್ತೆ ಹಾಕಿದ್ವಿ, ಮಾತಿಲ್ಲದ ಕಡೆ ನಾನೂ ಸುಮ್ಮನಿದ್ದೆ. ಹಗಲು ಹೊತ್ತು ಅದು ನಡೀಲಿ.

ರಾತ್ರಿಗೆ ಅನ್‌ಟೇಮ್ಡ್, ಮೂರನೇ ಎಪಿಸೋಡಿಂದ. ಕಾಡುಮಲ್ಲಿಗೆ, ನೀನು ಹೇಳಿದ ಹೆಸರೆಲ್ಲ ಹಳೇ ಕ್ಯಾಲೆಂಡರ್ ಹಿಂದೆ ದೊಡ್ಡದಾಗಿ ಬರೆದು ಟ್ಯಾಬಿನ ಪಕ್ಕ ಒರಗಿಸಿಟ್ಟೆ. ಅತ್ತೆ ಆಗಲೇ ಒಬ್ಬನಿಗೆ 'ಕೊಳಲಿನವ' ಅಂತ, ಇನ್ನೊಬ್ಬನಿಗೆ 'ಬಿಳಿಬಟ್ಟೆ' ಅಂತ ಇಟ್ಟಾಯ್ತು. ಅವರಿಬ್ಬರು ಹುಟ್ಟಿದ ಹೆಸರಲ್ಲಿ ಕರ್ಕೊಂಡಾಗ ಕೈ ಎತ್ತು, ನಾನು ಗಮನಿಸ್ತೀನಿ ಅಂತ ಹೇಳಿದ್ದಾರೆ.